ಮೂರನೆಯ ಪಟ

ಹೊಳೆದಂಡೆಯ ಕಲ್ಲುಮಂಟಪ ಮರುದಿನ ಅಣೆಕಟ್ಟಿನ ನೀರಿನಲ್ಲಿ ಮುಳುಗಲಿತ್ತು. ಅದರ ಕೊನೆಯ ಪಟ ತೆಗೆಯಲು ಬಂದ ಹೊನ್ನೇಗೌಡ ಮೂರು ಕಾಲಿನ ಸ್ಟ್ಯಾಂಡನ್ನು ಕೆಸರಿನಲ್ಲಿ ಊರಿ, ಮೇಲೆ ಕ್ಯಾಮೆರಾ ಕೂರಿಸಿದ. ಮುಸ್ಸಂಜೆಯ ಆಕಾಶ ಕೆಂಡದಂತಿತ್ತು, ಮಂಟಪ ನೆರಳಿನಲ್ಲಿತ್ತು. ಎರಡೂ ಒಂದೇ ಸಲಕ್ಕೆ ಸಿಕ್ಕುವುದಿಲ್ಲವೆಂದು ಅವನು ಮೂರು ಪಟ ತೆಗೆದು ಒಂದಾಗಿ ಬೆಸೆಯುವವನಿದ್ದ. ಆಕಾಶಕ್ಕೆಂದು ಬೆಳಕು ತಗ್ಗಿಸಿ ಒಂದು, ನಡುವೆ ಒಂದು, ಮಂಟಪಕ್ಕೆಂದು ಬೆಳಕು ಹೆಚ್ಚಿಸಿ ಒಂದು.

ಮೊದಲೆರಡು ಮುಗಿದ ಮೇಲೆ ಕ್ಯಾಮೆರಾ ಹೇಳಿತು: "ಮೂರನೆಯದನ್ನು ನಾನೊಪ್ಪೆ. ಒಂದು ಹಳೆಯ ಕಲ್ಲಿಗಾಗಿ ಇಂಥ ಆಕಾಶದ ಬಣ್ಣ ತೊಳೆದುಹೋಗಬೇಕೇ?"

ಸ್ಟ್ಯಾಂಡಿನ ಒಂದು ಕಾಲು ತಣ್ಣೀರಿನಲ್ಲಿ ಮರಗಟ್ಟಿತ್ತು. ಆದರೂ ಅಲುಗದೆ ನುಡಿಯಿತು: "ಅಯ್ಯಾ, ಆಕಾಶ ನಾಳೆಯೂ ಕೆಂಪಾಗುತ್ತದೆ. ಮಂಟಪ ನಾಳೆ ಇರುವುದಿಲ್ಲ. ಅರೆಗಳಿಗೆ ಸುಮ್ಮನಿರು."

ಕ್ಯಾಮೆರಾ ಸುಮ್ಮನಿರಲಿಲ್ಲ. ಹೊನ್ನೇಗೌಡ ಗುಂಡಿ ಒತ್ತಿದ ಕ್ಷಣದಲ್ಲೇ ತಲೆ ಕೊಡವಿತು. ಅಷ್ಟರಲ್ಲಿ ಬೆಳಕೂ ಹೋಯಿತು.

ಬೆಸೆದು ನೋಡಿದರೆ ಆಕಾಶ ಕಣ್ಣು ಕುಕ್ಕುತ್ತಿತ್ತು, ಮಂಟಪ ಹೊಗೆಯಂತೆ ಕದಡಿಹೋಗಿತ್ತು. ಆ ಮಂಟಪದಲ್ಲೇ ಧಾರೆಯಾಗಿದ್ದ ಅಜ್ಜಿಗೆ ಹೊನ್ನೇಗೌಡ ಪಟ ತೋರಿಸಿದ. ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ಹುಡುಕಿದಳು.

"ಬಣ್ಣ ಏನೋ ಚೆನ್ನಾಗೈತೆ ಮಗ," ಎಂದಳು. "ಇದು ಯಾವೂರು?"

ಕಾಲಿಗೆ ಆ ಊರಿನ ಕೆಸರು ಮೆತ್ತಿಕೊಂಡೇ ಮೂಲೆಯಲ್ಲಿ ನಿಂತಿದ್ದ ಸ್ಟ್ಯಾಂಡು ಕ್ಯಾಮೆರಾದತ್ತ ನೋಡಿತು. ಈಗ ಕ್ಯಾಮೆರಾ ಸುಮ್ಮನಿತ್ತು.