ಬೀಗದ ಕೈ ಕೇಳಿದ ಅರಸ

ಊಟಕ್ಕೆ ಕರೆದವರ ಸೊತ್ತಿನ ಮೇಲೆ ದೇಸಿಂಗರಸನ ಕಣ್ಣು ಬೀಳುವುದು ಹೊಸದೇನಲ್ಲ. ಆದರೆ ಬಂದರಿನ ದಂಡೆಯಲ್ಲಿ ಸ್ಪೇನ್ ದೇಶದ ವರ್ತಕ ಡಿಯೇಗೊ ಕಟ್ಟಿಸಿದ ಉಪ್ಪರಿಗೆ ಮನೆ ಕಂಡು ಅವನ ಬಾಯಲ್ಲಿ ನೀರೂರಿದ್ದು ಎಲೆ ಹಾಕುವ ಮುಂಚೆಯೇ.

ಡಿಯೇಗೊ ಎದೆಯ ಮೇಲೆ ಕೈಯಿಟ್ಟು ಬಾಗಿ, "ಮಿ ಕಾಸಾ ಎಸ್ ಸು ಕಾಸಾ" ಎಂದ.

ಆ ಭಾಷೆ ಬಲ್ಲವನು ಆಸ್ಥಾನದಲ್ಲಿ ನೇಮಣ್ಣ ಒಬ್ಬನೇ. "ಕಾಸಾ ಅಂದರೆ ಮನೆ, ಪ್ರಭು. ನನ್ನ ಮನೆ ನಿಮ್ಮ ಮನೆ ಅಂತಿದ್ದಾರೆ."

"ಹೌದೇನು? ಬೀಗದ ಕೈ ಯಾವಾಗ ಕೊಡ್ತಾನಂತೆ?"

ನೇಮಣ್ಣ ನಕ್ಕ. ಅರಸ ನಗಲಿಲ್ಲ.

"ಪ್ರಭು, ಅದು ಉಪಚಾರದ ಮಾತು. ಇಲ್ಲಿ ಕಾಸಾ ಅಂದರೆ ಗೋಡೆ, ಚಾವಣಿ ಅಲ್ಲ. ಊಟ, ಆದರ, ಸಲಿಗೆ."

"ಮನೆ ಅಂದರೆ ಮನೆ! ಇನ್ನು ಮೇಲೆ ನನ್ನ ರಾಜ್ಯದಲ್ಲಿ ಬಾಯಿಂದ ಬಂದದ್ದು ಬಂದ ಹಾಗೇ ಲೆಕ್ಕ. ನಾಳೆ ಸಂಜೆಯೊಳಗೆ ಖಾಲಿ ಮಾಡೋಕೆ ಹೇಳು."

ಡಿಯೇಗೊ ಏನೂ ಅರಿಯದೆ ಅರಸನಿಗೆ ಇನ್ನೊಂದು ಸೌಟು ಪಾಯಸ ಬಡಿಸುತ್ತಿದ್ದ. ಪಾಪ, ಇಷ್ಟು ವರ್ಷದ ದುಡಿಮೆಯೆಲ್ಲ ಆ ಮನೆಗೇ ಸುರಿದಿದ್ದ. ಅವನ ಒಳ್ಳೆಯ ಮಾತನ್ನು ಕನ್ನಡಕ್ಕೆ ತಂದು ಅರಸನ ಕೈಗೆ ಕೊಟ್ಟವನು ತಾನೇ ಎಂದು ನೇಮಣ್ಣ ನೊಂದುಕೊಂಡ. ಅಲ್ಲಿಂದ ಎದ್ದವನು ಊರೆಲ್ಲ ಸುತ್ತಿದ.

ಮರುದಿನ ಅರಮನೆಯಲ್ಲಿ ಕಾಲಿಡಲು ಜಾಗವಿಲ್ಲ! ಅರಸನ ಸೋದರತ್ತೆ ಉಪ್ಪಿನಕಾಯಿ ಭರಣಿಗಳ ಸಮೇತ ಬಂದು ಅಡುಗೆಮನೆ ಹಿಡಿದಿದ್ದಳು. ಗರಡಿ ಪೈಲ್ವಾನರು ದರ್ಬಾರಿನಲ್ಲಿ ಕೆಮ್ಮಣ್ಣು ಹರಡುತ್ತಿದ್ದರು. ಯಾರದೋ ಎಮ್ಮೆ ರಾಣಿಯ ಕೊಳದಲ್ಲಿ ಕಣ್ಣು ಮುಚ್ಚಿ ಮಲಗಿತ್ತು. ರಾಣಿಯ ತಂದೆ ಪಾರ್ಶ್ವಪ್ಪನವರಂತೂ ಹಾಸಿಗೆ ಸುರುಳಿ ತಂದು ಅರಸನ ಮಂಚದ ಮೇಲೇ ಬಿಚ್ಚಿದ್ದರು.

"ಮಾವಯ್ಯಾ, ಇದೇನಿದು?"

"ಮದುವೆಯಲ್ಲಿ ನೀವೇ ಅಂದ್ರಲ್ಲ ಅಳಿಯಂದಿರೇ, ಇದು ನಿಮ್ಮದೇ ಮನೆ, ಸಂಕೋಚ ಬೇಡ ಅಂತ. ಆಗ ಬರೀ ಬಾಯಿಮಾತು ಅಂದ್ಕೊಂಡಿದ್ದೆ. ಈಗ ಕಾನೂನೇ ಬಂತಂತೆ, ಸಂತೋಷ! ಸ್ವಲ್ಪ ಸರೀರಿ."

ಸೋದರತ್ತೆಗೂ, ಪೈಲ್ವಾನರಿಗೂ, ಎಮ್ಮೆಯ ಯಜಮಾನನಿಗೂ ಅರಸ ಒಂದಲ್ಲ ಒಂದು ಊಟದಲ್ಲಿ ಅದೇ ಮಾತು ಹೇಳಿದ್ದ. ಅವನು ನೇಮಣ್ಣನನ್ನು ಕಂಬದ ಮರೆಗೆ ಎಳೆದ.

"ಸಾಕಯ್ಯಾ! ಡಿಯೇಗೊನ ಮನೆ ಡಿಯೇಗೊನದೇ. ಆದರೆ ಇವರನ್ನ ಕಳಿಸೋದು ಹೇಗೆ? ಹೊರಡಿ ಅಂದರೆ ಮರ್ಯಾದೆ ಹೋಗುತ್ತೆ."

"ಹೊರಡಿ ಅನ್ನಬೇಡಿ ಪ್ರಭು. ಇನ್ನೂ ನಾಲ್ಕು ದಿನ ಇದ್ದು ಹೋಗಬಹುದಿತ್ತು ಅನ್ನಿ. ಅದು ಕಿವಿಗೆ ಬಿದ್ದರೆ ನಮ್ಮ ಜನ ಚಪ್ಪಲಿ ಹುಡುಕ್ತಾರೆ."

ಅರಸ ಮೆಟ್ಟಿಲ ಮೇಲೆ ನಿಂತು ಜೇನಿನಂಥ ದನಿಯಲ್ಲಿ ಅಂದ, "ಇನ್ನೂ ನಾಲ್ಕು ದಿನ ಇದ್ದು ಹೋಗಬಹುದಿತ್ತು..."

ಎಲ್ಲರಿಗೂ ಅರ್ಥವಾಯಿತು. ಸೋದರತ್ತೆ ಭರಣಿ ಎತ್ತಿದಳು, ಪೈಲ್ವಾನರು ಮಣ್ಣು ಗುಡಿಸಿದರು, ಎಮ್ಮೆಯೂ ಎದ್ದಿತು. ಸುರುಳಿ ಹೊತ್ತು ಹೊಸ್ತಿಲವರೆಗೆ ಬಂದಿದ್ದ ಪಾರ್ಶ್ವಪ್ಪನವರು ಮಾತ್ರ ತಿರುಗಿ ನಿಂತರು.

"ಅಳಿಯಂದಿರು ಇಷ್ಟು ಬಾಯಿಬಿಟ್ಟು ಕೇಳಿದ ಮೇಲೂ ಹೋಗೋದುಂಟೇ?" ಎಂದು ಹಾಸಿಗೆಯನ್ನು ಮತ್ತೆ ಮಂಚದ ಮೇಲೆ ಬಿಚ್ಚಿದರು.

ಅರಸ ತಲೆ ಚಚ್ಚಿಕೊಂಡ. "ಆಡಿದ್ದನ್ನೆಲ್ಲ ಹೀಗೆ ನಿಜ ಅಂತ ಹಿಡಿದುಕೊಳ್ಳೋದನ್ನ ಈ ಮನುಷ್ಯನಿಗೆ ಕಲಿಸಿದ ಗುರು ಯಾರಯ್ಯಾ?"

ನೇಮಣ್ಣ ಕೈಮುಗಿದ.

"ಹೆಸರನ್ನು ತುಂಬಿದ ಸಭೆಯಲ್ಲಿ ಹೇಳಲೇ ಪ್ರಭು, ತಮ್ಮ ಕಿವಿಯಲ್ಲಿ ಹೇಳಲೇ?"