ನಾಲ್ಕು ಬೋಲ್ಟಿನ ಕಾವಲು

ಇಂಜಿನ್ ಬಿಚ್ಚಬೇಕಾದರೆ ಮೊದಲು ಕ್ರ್ಯಾಶ್ ಗಾರ್ಡ್ ತೆಗೆಯಬೇಕಿತ್ತು. ಬೈಕಿನ ಯಜಮಾನ, ಗುತ್ತಿಗೆದಾರ ತಿಪ್ಪೇರುದ್ರಪ್ಪ ಗುಡುಗಿದರು: “ಇವು ಕಳ್ಳನ ಅಪ್ಪನಿಗೂ ಬಿಚ್ಚೋಕಾಗದ ಬೋಲ್ಟು! ಇವನ್ನ ಬಿಚ್ಚೋ ಕೀಲಿ ಕಳೆದೈತೆ. ಬೋಲ್ಟಿನ ತಲೆಗೊಂದು ಗೀರು ಬಿದ್ರೂ ನಿನ್ನ ಅಂಗಡಿ ಎತ್ತಿಸ್ತೀನಿ!”

“ಹಂಗಾದ್ರೆ ತಲೆ ನೀವೇ ಕಾಯ್ರಿ, ಸಾಹುಕಾರ್ರೇ,” ಅಂದ ಮೆಕ್ಯಾನಿಕ್ ದಸ್ತಗೀರ.

ತಿಪ್ಪೇರುದ್ರಪ್ಪ ಮೂಗು ತಾಗುವಷ್ಟು ಬಗ್ಗಿ, ಕಣ್ಣು ಮಿಟುಕಿಸದೆ ಕಾದರು. ಬೋಲ್ಟಿನ ತಲೆಯನ್ನು ಯಾರೂ ಮುಟ್ಟಲಿಲ್ಲ. ಆದರೂ ಗಾರ್ಡು ಕಳಚಿ ಬಂತು! ಬೋಲ್ಟುಗಳನ್ನು ಸವರಿದರು. ಗೀರಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಇಲ್ಲವೇ ಇಲ್ಲ.

“ಏನೋ ಮಾಟ ಮಾಡ್ದೆ?”

“ಹಿಂದ್ಗಡೆ ಮಾಮೂಲಿ ನಟ್ಟಿದ್ವು. ಸ್ಪ್ಯಾನರ್ ಹಾಕಿ ತಿರುಗಿಸ್ದೆ.”

“ಅಯ್ಯೋ! ಇದು ಕಳ್ಳರಿಗೂ ಗೊತ್ತಿರುತ್ತೇನೋ?”

ದಸ್ತಗೀರ ಅಂಗೈ ಬಿಚ್ಚಿ ತೋರಿಸಿದ. “ನಾಲ್ಕು ಬೋಲ್ಟಿಗೆ ಮೂರೇ ನಟ್ಟು ಸಿಕ್ಕಿದ್ದು, ಸಾಹುಕಾರ್ರೇ. ಯಾರೋ ಆಗ್ಲೇ ಕೆಲಸ ಶುರು ಮಾಡ್ಯಾರೆ.”