ಕಡಗದ ಗುಡ್ಡ

ಹಿರೇಬನ್ನಿಹಾಳದಿಂದ ಮೂಡಲಿಗೆ ಎರಡು ಹರದಾರಿ ಹೋದರೆ ಕಡಗದ ಗುಡ್ಡ ಸಿಗುತ್ತದೆ. ಈಗ ಬಸ್ಸೂ ಇದೆ, "ಕಡಗದ ಗುಡ್ಡ ಯಾರ್ರೀ ಇಳಿಯೋರು?" ಎಂದು ಕಂಡಕ್ಟರು ಕೂಗುತ್ತಾನೆ. ಇಳಿದವರು ತಲೆಯೆತ್ತಿ ಕಡಗದ ಹೋಲಿಕೆ ಹುಡುಕುತ್ತಾರೆ. ಗುಡ್ಡವೋ ಬೋರಲು ಹಾಕಿದ ಬುಟ್ಟಿಯಂತಿದೆ. ಮೈತುಂಬ ಕಾರೆಮುಳ್ಳು, ಹೆಬ್ಬಂಡೆಗಳು, ನೆತ್ತಿಯಲ್ಲಿ ನಾಲ್ಕು ಕಂಬದ ಪುಟ್ಟ ಮಂಟಪ. ಬಂಡೆಗಳು ದುಂಡಗಿರುವುದರಿಂದ ಈ ಹೆಸರು ಬಂತೆಂದು ಪೇಟೆಯ ಮೇಷ್ಟ್ರೊಬ್ಬರು ಬರೆದದ್ದುಂಟು. ದುಂಡಗಿದ್ದುದೆಲ್ಲ ಕಡಗವಾದರೆ ನಮ್ಮ ರೊಟ್ಟಿಗೂ ಅದೇ ಹೆಸರಿಡಬೇಕಾದೀತು. ಊರ ಹಿರಿಯರು ಹೇಳುವ ಕಥೆಯೇ ಬೇರೆ. ಅದನ್ನು ಹೇಳುವಾಗ ಅವರು ಮೊದಲು ನೆನೆಯುವುದು ದೊರೆಯನ್ನಲ್ಲ, ಮೌನೇಶಾಚಾರಿ ಎಂಬ ಅಕ್ಕಸಾಲಿಗನನ್ನು.

ಹಿಂದೆ ಒಮ್ಮೆ ಈ ಸೀಮೆಯನ್ನು ಸೋಮನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಸಂಗೀತವೆಂದರೆ ಅವನಿಗೆ ಊಟಕ್ಕಿಂತ ಹೆಚ್ಚು. ಒಂದು ಯುಗಾದಿಯ ದಿನ ಕೋಟೆ ಬಾಗಿಲಲ್ಲಿ ಹುಲಿಗೆವ್ವ ಎಂಬ ಜೋಗಿತಿಯೂ ಅವಳ ಒಂಬತ್ತು ವರ್ಷದ ಮಗ ಭೈರನೂ ಭಿಕ್ಷೆಗೆ ನಿಂತಿದ್ದರು. ಹುಡುಗ ತನ್ನ ಎದೆಗಿಂತ ದೊಡ್ಡದಾದ ಕಿನ್ನರಿಯನ್ನು ತಬ್ಬಿಕೊಂಡು ನುಡಿಸುತ್ತಿದ್ದ. ಅವನ ಎಡಗೈ ಬೆರಳು ತಂತಿಯ ಮೇಲೆ ಓಡಾಡುವುದನ್ನು ನೋಡಿದ ಆಸ್ಥಾನದ ಮುದಿ ವಿದ್ವಾಂಸರು ಮೊದಲು ನಕ್ಕರು, ಕೊನೆಗೆ ಕಣ್ಣೊರೆಸಿಕೊಂಡರು ಎನ್ನುತ್ತಾರೆ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂದು ಎಲ್ಲರೂ ಹೊಗಳಿದರು. ನಾಯಕ ಅಲ್ಲೇ ಬಿರುದಿನ ಕಡಗಕ್ಕೆ ಅಪ್ಪಣೆ ಕೊಟ್ಟ.

ಬಿರುದಿನ ಕಡಗಕ್ಕೆ ಆ ಸಂಸ್ಥಾನದಲ್ಲಿ ಒಂದು ಕಟ್ಟಳೆಯಿತ್ತು. ಗಟ್ಟಿ ಬೆಳ್ಳಿಯ ಆ ಕಡಗವನ್ನು ವಾದ್ಯ ನುಡಿಸುವ ಕೈಗೇ ಹಾಕಬೇಕು. ಅದಕ್ಕೆ ಕೊಂಡಿ ಇರಕೂಡದು; ಮಣಿಕಟ್ಟಿಗೆ ಒದ್ದೆ ಬಟ್ಟೆ ಸುತ್ತಿ ಅಲ್ಲೇ ಬೆಸೆಯಬೇಕು. ಅದನ್ನು ತೆಗೆಸುವ ಅಧಿಕಾರ, ಕಡಗ ಕೊಟ್ಟ ದೊರೆಗೆ ಮಾತ್ರ. ಇಲ್ಲವಾದರೆ ಸತ್ತ ಮೇಲೆ ತೆಗೆದು ಗುಡಿಯಲ್ಲಿ ತೂಗುಹಾಕಬೇಕು. ಅಲ್ಲಿಯವರೆಗೆ ಕಡಗ ತೊಟ್ಟವರೆಲ್ಲ ನರೆತ ತಲೆಯವರೇ ಆಗಿದ್ದರು. ಮುದುಕರ ಕೈ ಬೆಳೆಯುವುದಿಲ್ಲವಾದ್ದರಿಂದ ಕಟ್ಟಳೆ ಮಾಡಿದವರಿಗೆ ಮುಂದಿನದು ಹೊಳೆದೇ ಇರಲಿಲ್ಲ. ಹೊಳೆದದ್ದು ಅಕ್ಕಸಾಲಿಗನಿಗೆ.

"ಧಣಿ, ಕೂಸಿನ ಕೈ ಬೆಳಿತೈತ್ರಿ" ಎಂದು ಮೌನೇಶಾಚಾರಿ ಅಂಜುತ್ತಲೇ ಅರಿಕೆ ಮಾಡಿಕೊಂಡ.

"ಬೆಳೀಲಿ ಬಿಡೋ ಆಚಾರಿ! ಬಿಗಿ ಆದ ದಿನ ನಾನ ತೆಗಿಸಿ ದೊಡ್ಡದು ಹಾಕಸ್ತೀನಿ" ಎಂದು ನಾಯಕ ನಕ್ಕ.

ದೊರೆಯ ಮಾತು ನಂಬಿ ಆಚಾರಿ ಬೆಸುಗೆ ಹಾಕಿದ. ಆದರೂ ಎರಡು ಬೆರಳು ಹಿಡಿಸುವಷ್ಟು ಸಡಿಲ ಬಿಟ್ಟಿದ್ದ. ಜೋಗಿಗಳ ಜೋಳಿಗೆ ಗೂಟಕ್ಕೇರಿತು, ಇರಲು ಮನೆ ಬಂತು. ಹತ್ತು ತುಂಬುವುದರೊಳಗೆ ಭೈರನನ್ನು ಕರೆದೊಯ್ಯಲು ಸುತ್ತಲಿನ ಸಂಸ್ಥಾನಗಳಿಂದ ಕುದುರೆ ಬರತೊಡಗಿದವು. ದೊಡ್ಡ ಪೇಟಗಳೆಲ್ಲ ಆ ಸಣ್ಣ ತಲೆಗೆ ಬಾಗಿದವು. ಹುಡುಗನೋ ಸಭೆ ಮುಗಿದೊಡನೆ ಆಚಾರಿಯ ಕುಲುಮೆಗೆ ಓಡಿಬಂದು ತಿದಿ ಒತ್ತುತ್ತ ಕೂರುತ್ತಿದ್ದ, ಅವನನ್ನು ಮಾವಾ ಎನ್ನುತ್ತಿದ್ದ. ಮಕ್ಕಳಿಲ್ಲದ ಆಚಾರಿಗೆ ಆ ಒಂದು ಕರೆಯೇ ಸಾಕಿತ್ತು.

ಮೂರನೆಯ ವರ್ಷ ನಾಯಕ ಜ್ವರದಲ್ಲಿ ತೀರಿಕೊಂಡ. ಸಾಯುವಾಗ ತನ್ನ ಐದು ವರ್ಷದ ಮಗನೇ ಮುಂದಿನ ದೊರೆ ಎಂದು ಹೇಳಿ ಸತ್ತ. ನಾಯಕನ ತಮ್ಮಂದಿರು ಹಲ್ಲು ಕಚ್ಚಿ ಸುಮ್ಮನಿದ್ದರು. ಇತ್ತ ಭೈರನಿಗೆ ಹದಿಮೂರು ತುಂಬಿತು, ಎಲುಬು ಬಲಿಯಿತು, ಕಡಗ ಮಾಂಸಕ್ಕೆ ಕಚ್ಚಿತು. ಕೈ ಊದಿಕೊಂಡಿತು, ಬೆರಳಿಗೆ ಜೋಮು ಹಿಡಿಯಿತು. ಊರವರು ದೃಷ್ಟಿ ಎಂದರು, ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಆಚಾರಿ ಎಣ್ಣೆ ತಿಕ್ಕಿ ನೋಡಿದ, ಬೆಣ್ಣೆ ಸವರಿ ನೋಡಿದ, ಯಾರೂ ಇಲ್ಲದಾಗ ಅಂಚನ್ನು ಅರದಿಂದ ತುಸು ತುಸು ಸವೆಸಿಯೂ ನೋಡಿದ. ಅವನು ಸವೆಸಿದ್ದಕ್ಕಿಂತ ಹುಡುಗ ಬೆಳೆದದ್ದೇ ಹೆಚ್ಚು. "ಅಣ್ಣಾ, ನೀ ಹಾಕಿದ್ದು, ನೀನ ತೆಗಿ" ಎಂದು ಹುಲಿಗೆವ್ವ ಕಾಲು ಹಿಡಿದಳು. ಆಚಾರಿ ಆ ದಿನವೇ ಕೋಟೆಗೆ ಹೋಗಿ ರಾಣಿ ಗೌರಾಜಮ್ಮನ ಮುಂದೆ ಸೆರಗೊಡ್ಡುವುದೊಂದು ಬಾಕಿ, ಅಷ್ಟು ಬೇಡಿಕೊಂಡ. ರಾಣಿ ಕಲ್ಲೆದೆಯವಳಲ್ಲ. ಅವಳೂ ಅತ್ತಳು.

"ನನ್ನ ಮಗ ಗಾದಿ ಮ್ಯಾಲೆ ಕುಂತಿರೋದು ಅವರ ಒಂದ ಮಾತಿನ ಮ್ಯಾಲೆ, ಆಚಾರಿ. ಅವರು ಹಾಕಿಸಿದ ಕಡಗ ಕಟ್ಟಳಿ ಮೀರಿ ನಾನ ತೆಗಿಸಿದ್ರ, ಮೈದುನರು ಅವರ ಆ ಮಾತೂ ಮುರೀತಾರ. ನಿನ್ನ ಕೂಸಿನ ಕೈ ಉಳಸಾಕ ಹೋಗಿ ನನ್ನ ಕೂಸಿನ ತಲಿ ಕೊಡಲೇನು?"

ಅವಳ ಮಾತೂ ನಿಜವೇ ಆಗಿತ್ತು. ಆಚಾರಿ ಕೈಮುಗಿದು ಬಂದ. ಮತ್ತೂ ಒಂದು ವರ್ಷ ಹೀಗೇ ಕಳೆಯಿತು, ಆ ವರ್ಷಕ್ಕಾಗಿ ಅವನು ಸಾಯುವತನಕ ತನ್ನನ್ನು ತಾನೇ ಹಳಿದುಕೊಂಡನಂತೆ. ಕೊನೆಗೊಂದು ಉರಿಬಿಸಿಲ ಮಧ್ಯಾಹ್ನ ಆಚಾರಿ ತಾಯಿ ಮಗ ಇಬ್ಬರನ್ನೂ ಈ ಗುಡ್ಡಕ್ಕೆ ಕರೆತಂದು, ಬಂಡೆಯ ಮರೆಯಲ್ಲಿ ಕೂರಿಸಿ, ಅರ ಹಚ್ಚಿದ. ಬೆಳ್ಳಿ ಕಡಿದು ಕಡಗ ಬಿತ್ತು. ಊದಿದ ಮುಂಗೈಗೂ ಊದಿದ ಅಂಗೈಗೂ ನಡುವೆ ಬೆಳ್ಳಗೆ, ಸಣ್ಣಗೆ, ಒಂಬತ್ತು ವರ್ಷದ ಕೂಸಿನ ಮಣಿಕಟ್ಟು ಹಾಗೇ ಉಳಿದಿತ್ತು. ಆಚಾರಿ ಅದನ್ನು ನೋಡಲಾರದೆ ಮುಖ ತಿರುಗಿಸಿದ.

"ಬೆರಳು ಯಾವಾಗ ಬರ್ತಾವ ಮಾವಾ?"

"ಬರ್ತಾವಪ್ಪಾ" ಎಂದ ಆಚಾರಿ. ಲೋಹದ ವಿಷಯದಲ್ಲಿ ಎಂದೂ ಸುಳ್ಳಾಡದವನು ಅಂದು ಆಡಿದ.

ಕಡಗ ಕಳಚಿದವನು ಕಟ್ಟಳೆಯ ಪ್ರಕಾರ ಸತ್ತವನೇ. ಬದುಕಿದ್ದಾನೆಂದರೆ ಮೂವರ ತಲೆಯೂ ಉಳಿಯದು, ರಾಣಿಯ ಮಗನದೂ ಉಳಿಯದು. ಆದ್ದರಿಂದ ಆಚಾರಿ ಕಡಗವನ್ನು ಮತ್ತೆ ಬೆಸೆದು ಕೋಟೆಗೆ ಒಯ್ದು, ಹುಡುಗ ಜ್ವರದಲ್ಲಿ ಹೋದ, ಗುಡ್ಡದ ಮೇಲೆ ಜೋಗಿಗಳು ಮಣ್ಣು ಮಾಡಿದರು ಎಂದ. ರಾಣಿ ಕಡಗವನ್ನು ತಿರುಗಿಸಿ ನೋಡಿದಳು. ಹೊಸ ಬೆಸುಗೆಯ ಮೇಲೆ ಅವಳ ಬೆರಳು ನಿಂತಿತು. "ಚೆಂದಾಗಿ ಮಣ್ಣು ಮಾಡಿದ್ರೇನು?" ಎಂದಷ್ಟೇ ಕೇಳಿದಳು. "ಮಾಡಿದ್ರು, ತಾಯಿ."

ಮೂರನೆಯ ದಿನ ಕೋಟೆಯವರೆಲ್ಲ ಗುಡ್ಡಕ್ಕೆ ಬಂದು, ಆಚಾರಿ ಒಟ್ಟಿದ್ದ ಬರಿ ಮಣ್ಣಿನ ಗುಪ್ಪೆಗೆ ಹಾಲು ತುಪ್ಪ ಎರೆದರು. ಆಸ್ಥಾನದ ಹಿರಿಯನೊಬ್ಬ ಸತ್ತ ಬಾಲಕನ ಗೌರವಕ್ಕೆಂದು ಕಿನ್ನರಿ ನುಡಿಸಿದ. ಹತ್ತು ಮಾರು ದೂರದ ಬಂಡೆಯ ಸಂದಿಯಲ್ಲಿ ಭೈರ, ಗುಂಪಿನಿಂದ ಮೆಲ್ಲಗೆ ಸರಿದು ಬಂದಿದ್ದ ಆಚಾರಿಗೂ ತಾಯಿಗೂ ನಡುವೆ ಮುದುಡಿಕೊಂಡು ತನ್ನ ತಿಥಿಯನ್ನು ತಾನೇ ಕೇಳುತ್ತಿದ್ದ.

"ತಂತಿ ಇಳದೈತಿ, ಮಾವಾ" ಎಂದು ಪಿಸುಗುಟ್ಟಿದ. "ಯಾರರ ಹೇಳ್ರಿ ಅವರಿಗೆ."

ತಂತಿ ಬಿಗಿಯುವ ಬಿರಡೆ ತಿರುವಲೆಂದು ಅವನ ಎಡಗೈ ತಾನಾಗಿ ಮೇಲೆದ್ದಿತು. ಬೆರಳು ಮಾತ್ರ ಮಡಚಲಿಲ್ಲ. ಆಚಾರಿ ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದ. ಮರುದಿನ ತಾಯಿ ಮಗ ಜೋಳಿಗೆ ಹಾಕಿಕೊಂಡು ಪಡುವಲಿಗೆ ನಡೆದರು. ಆಮೇಲೆ ಅವರನ್ನು ಕಂಡವರಿಲ್ಲ.

ನೆತ್ತಿಯ ಮಂಟಪವನ್ನು ಕಟ್ಟಿಸಿ ಕಡಗವನ್ನು ಅದರಲ್ಲಿ ತೂಗುಹಾಕಿಸಿದವಳು ಗೌರಾಜಮ್ಮನೇ ಎನ್ನುತ್ತಾರೆ. ಆ ಕಡಗ ಎಂದೋ ಕಳವಾಯಿತು, ಅದನ್ನು ತೂಗುಹಾಕಿದ್ದ ಕಬ್ಬಿಣದ ಕೊಂಡಿ ಉಳಿದಿದೆ. ಮಕ್ಕಳಿಗೆ ಬಿಗಿಯಾದ ಬಳೆಗಳನ್ನು ಸುತ್ತಲಿನ ಹಳ್ಳಿಯ ತಾಯಂದಿರು ತಂದು ಅದಕ್ಕೆ ಸಿಕ್ಕಿಸುತ್ತಾರೆ. ಬೆಳ್ಳಿಯವು, ಹಿತ್ತಾಳೆಯವು, ಈಚೆಗೆ ಪ್ಲಾಸ್ಟಿಕ್ಕಿನವೂ ಇವೆ. ಕೆಳಗೆ ಭೈರನ ಗದ್ದುಗೆ ಇದೆ. ಅದರಡಿ ಯಾರೂ ಇಲ್ಲವೆಂಬುದು ದಿನಾ ಹೂ ಏರಿಸುವ ಮುದುಕನಿಗೂ ಗೊತ್ತು. ಮತ್ತೇಕೆ ಏರಿಸುತ್ತೀರಿ ಎಂದು ಕೇಳಿದರೆ, "ಅಂವ ಎಲ್ಲಿ ಸತ್ತಾನೋ ಗೊತ್ತಿಲ್ರೀ, ಅಲ್ಲಿ ಯಾರು ಏರಿಸ್ತಾರ?" ಎನ್ನುತ್ತಾನೆ.